ಇಂಗ್ಲೆಂಡಿನ ಟ್ರಸ್ಟ್ ಕಾನೂನಿನ ಸುಧಾರಣೆ ಮತ್ತು ಬ್ರಿಟಿಷ್ ಸಂಸತ್ತು

ಇಂಗ್ಲೆಂಡಿನ ಟ್ರಸ್ಟ್ ಕಾನೂನಿನ ಸುಧಾರಣೆ ಎಂಬುದು, ಶತಮಾನಗಳ ಕಾಲ ನ್ಯಾಯಾಲಯಗಳ ತೀರ್ಪುಗಳಿಂದ ಬೆಳೆದುಬಂದ ಟ್ರಸ್ಟ್ ನಿಯಮಗಳನ್ನು ಸಂಸತ್ತಿನ ಕಾಯ್ದೆಗಳ ಮೂಲಕ ಇಂದಿನ ಅಗತ್ಯಗಳಿಗೆ ಹೊಂದಿಸುವ ಪ್ರಕ್ರಿಯೆಯಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1965ರ ನಂತರ ಈ ಕಾರ್ಯದ ಬಹುಭಾಗವು ಕಾನೂನು ಆಯೋಗದ ವರದಿಗಳಿಂದ ಆರಂಭವಾಗಿದೆ. ರಾಜಕೀಯ ಪಕ್ಷಗಳ ನಡುವೆ ಈ ವಿಷಯದಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲದಿದ್ದರೂ, ಸದನದಲ್ಲಿ ಸಮಯ ದೊರೆಯದ ಕಾರಣ ಹಲವು ಶಿಫಾರಸುಗಳು ವರ್ಷಗಟ್ಟಲೆ ಜಾರಿಯಾಗದೆ ಉಳಿದವು. ಈ ವಿಳಂಬವನ್ನು ತಗ್ಗಿಸಲು ಹೌಸ್ ಆಫ್ ಲಾರ್ಡ್ಸ್ 2008ರಿಂದ ಪ್ರಾಯೋಗಿಕವಾಗಿ, 2010ರಿಂದ ಶಾಶ್ವತವಾಗಿ ಒಂದು ವಿಶೇಷ ಕಾರ್ಯವಿಧಾನವನ್ನು ಅಳವಡಿಸಿಕೊಂಡಿದೆ.

ಟ್ರಸ್ಟ್‌ನ ಸ್ವರೂಪ

ಟ್ರಸ್ಟ್‌ನಲ್ಲಿ ಆಸ್ತಿಯ ಕಾನೂನುಬದ್ಧ ಒಡೆತನವು ಟ್ರಸ್ಟಿಗಳಲ್ಲಿರುತ್ತದೆ. ಅದರ ಪ್ರಯೋಜನವು ಫಲಾನುಭವಿಗಳಿಗೆ ಸೇರುತ್ತದೆ. ಉದಾಹರಣೆಗೆ, ಒಬ್ಬ ವ್ಯಕ್ತಿ ತನ್ನ ಷೇರುಗಳನ್ನೂ ಹಣವನ್ನೂ ಇಬ್ಬರು ಟ್ರಸ್ಟಿಗಳಿಗೆ ಒಪ್ಪಿಸಿ, ಅದರ ಆದಾಯವು ಪತ್ನಿಗೆ ಆಕೆಯ ಜೀವಿತಾವಧಿಯವರೆಗೆ ಸಲ್ಲಬೇಕೆಂದೂ ನಂತರ ಮೂಲಧನವು ಮಕ್ಕಳಿಗೆ ಸೇರಬೇಕೆಂದೂ ಉಯಿಲಿನಲ್ಲಿ ಬರೆಯಬಹುದು. ಇಲ್ಲಿ ಪತ್ನಿಗೆ ಹೆಚ್ಚಿನ ಆದಾಯ ಬೇಕು, ಮಕ್ಕಳಿಗೆ ಮೂಲಧನದ ಬೆಳವಣಿಗೆ ಬೇಕು. ಟ್ರಸ್ಟಿಗಳು ಇಬ್ಬರ ಹಿತವನ್ನೂ ನಿಷ್ಪಕ್ಷಪಾತವಾಗಿ ಕಾಯಬೇಕು. ಟ್ರಸ್ಟ್ ಪತ್ರದಲ್ಲಿ ಅಧಿಕಾರಗಳನ್ನು ವಿವರವಾಗಿ ಬರೆಯದಿದ್ದಾಗ ಕಾನೂನಿನ ಸಾಮಾನ್ಯ ನಿಯಮಗಳೇ ಅನ್ವಯಿಸುತ್ತವೆ. ಆದ್ದರಿಂದ ಹಳೆಯ ನಿಯಮಗಳ ತೊಂದರೆಯು ನುರಿತ ವಕೀಲರ ನೆರವಿಲ್ಲದೆ ಬರೆಯಲಾದ ಉಯಿಲುಗಳ ಫಲಾನುಭವಿಗಳಿಗೆ ಹೆಚ್ಚಾಗಿ ತಟ್ಟುತ್ತದೆ.

ಕಾನೂನು ಆಯೋಗ

1965ರ ಕಾನೂನು ಆಯೋಗಗಳ ಕಾಯ್ದೆಯು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಒಂದು, ಸ್ಕಾಟ್ಲೆಂಡ್‌ಗೆ ಇನ್ನೊಂದು ಆಯೋಗವನ್ನು ಸ್ಥಾಪಿಸಿತು. ಇಂಗ್ಲೆಂಡಿನ ಆಯೋಗದ ಮೊದಲ ಅಧ್ಯಕ್ಷರು ನ್ಯಾಯಮೂರ್ತಿ ಲೆಸ್ಲಿ ಸ್ಕಾರ್ಮನ್. ಆಯೋಗವು ಮೊದಲು ಸಮಾಲೋಚನಾ ಪತ್ರವನ್ನು ಪ್ರಕಟಿಸಿ ವಕೀಲರು, ನ್ಯಾಯಾಧೀಶರು ಮತ್ತು ಸಾರ್ವಜನಿಕರ ಅಭಿಪ್ರಾಯ ಪಡೆಯುತ್ತದೆ. ಅನಂತರ ಅಂತಿಮ ವರದಿಯನ್ನು, ಸಾಮಾನ್ಯವಾಗಿ ಕರಡು ಮಸೂದೆಯೊಂದಿಗೆ, ಸರ್ಕಾರಕ್ಕೆ ಸಲ್ಲಿಸುತ್ತದೆ. ಆಯೋಗಕ್ಕೆ ಕಾನೂನು ರಚಿಸುವ ಅಧಿಕಾರವಿಲ್ಲ. ಕರಡು ಮಸೂದೆಯು ಕಾಯ್ದೆಯಾಗಬೇಕಾದರೆ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಮತ್ತು ರಾಜಮನೆತನದ ಅಂಕಿತ ಅಗತ್ಯ.

ಹೂಡಿಕೆಯ ನಿಯಮಗಳು

1961ರ ಟ್ರಸ್ಟಿ ಹೂಡಿಕೆಗಳ ಕಾಯ್ದೆಯ ಪ್ರಕಾರ, ಕಂಪನಿ ಷೇರುಗಳಲ್ಲಿ ಹಣ ತೊಡಗಿಸಬಯಸುವ ಟ್ರಸ್ಟಿಗಳು ನಿಧಿಯನ್ನು ಎರಡು ಸಮಭಾಗಗಳಾಗಿ ವಿಂಗಡಿಸಬೇಕಿತ್ತು. ಒಂದು ಭಾಗವನ್ನು ಸರ್ಕಾರಿ ಸಾಲಪತ್ರಗಳಂತಹ ಸುರಕ್ಷಿತ ಹೂಡಿಕೆಗಳಲ್ಲೇ ಇಡಬೇಕಾಗಿತ್ತು. ಇನ್ನೊಂದು ಭಾಗವನ್ನು ಷೇರುಗಳಲ್ಲಿ ತೊಡಗಿಸಬಹುದಿತ್ತು. ಆದರೆ ಆ ಕಂಪನಿಯ ಪಾವತಿಯಾದ ಬಂಡವಾಳವು ಕನಿಷ್ಠ 10 ಲಕ್ಷ ಪೌಂಡ್ ಇರಬೇಕಿತ್ತು ಮತ್ತು ಅದು ಹಿಂದಿನ 5 ವರ್ಷಗಳಲ್ಲಿ ಪ್ರತಿ ವರ್ಷವೂ ಲಾಭಾಂಶ ನೀಡಿರಬೇಕಿತ್ತು. ನಿಗದಿತ ಬಡ್ಡಿಯ ಸಾಲಪತ್ರಗಳ ನೈಜ ಮೌಲ್ಯವು ಹಣದುಬ್ಬರದಿಂದ ಕುಸಿಯುತ್ತಿದ್ದುದರಿಂದ, ಸುರಕ್ಷತೆಗಾಗಿ ರೂಪಿಸಿದ ನಿಯಮವೇ ನಿಧಿಯನ್ನು ಕರಗಿಸುವ ಸ್ಥಿತಿ ಉಂಟಾಯಿತು. 1996ರಲ್ಲಿ ಈ ಪ್ರಮಾಣವನ್ನು ಸಡಿಲಿಸಲಾಯಿತು.

ಎರಡೂ ಕಾನೂನು ಆಯೋಗಗಳು 1999ರಲ್ಲಿ ನೀಡಿದ ಜಂಟಿ ವರದಿಯ ಆಧಾರದ ಮೇಲೆ ಟ್ರಸ್ಟಿ ಕಾಯ್ದೆ, 2000 ರೂಪುಗೊಂಡಿತು. ಇದು 2001ರ ಫೆಬ್ರವರಿ 1ರಂದು ಜಾರಿಗೆ ಬಂದಿತು. ಇದರ 3ನೆಯ ಕಲಮು, ತನ್ನದೇ ಆಸ್ತಿಯಾಗಿದ್ದರೆ ಮಾಡಬಹುದಾದ ಯಾವುದೇ ಹೂಡಿಕೆಯನ್ನು ಮಾಡುವ ಸಾಮಾನ್ಯ ಅಧಿಕಾರವನ್ನು ಟ್ರಸ್ಟಿಗೆ ನೀಡಿತು. ಈ ಸ್ವಾತಂತ್ರ್ಯಕ್ಕೆ ಪ್ರತಿಯಾಗಿ ಕೆಲವು ಹೊಣೆಗಳನ್ನು ವಿಧಿಸಲಾಯಿತು:

• ಸಂದರ್ಭಕ್ಕೆ ತಕ್ಕ ಎಚ್ಚರ ಮತ್ತು ಕೌಶಲವನ್ನು ತೋರುವ ಶಾಸನಬದ್ಧ ಕರ್ತವ್ಯ;
• ಹೂಡಿಕೆಯು ಟ್ರಸ್ಟ್‌ಗೆ ಸೂಕ್ತವೇ, ಅದರಲ್ಲಿ ಅಗತ್ಯವಿರುವಷ್ಟು ವೈವಿಧ್ಯವಿದೆಯೇ ಎಂಬುದರ ಪರಿಶೀಲನೆ;
• ಅನಗತ್ಯವೆನಿಸುವ ಸಂದರ್ಭಗಳನ್ನು ಬಿಟ್ಟು, ಅರ್ಹರಿಂದ ಸಲಹೆ ಪಡೆಯುವುದು;
• ಆಸ್ತಿ ನಿರ್ವಹಣೆಯನ್ನು ಪ್ರತಿನಿಧಿಗೆ ವಹಿಸುವಾಗ ಲಿಖಿತ ನೀತಿಯನ್ನು ಸಿದ್ಧಪಡಿಸುವುದು.

ಶಾಶ್ವತತೆಯ ನಿಯಮ ಮತ್ತು ಹನ್ನೊಂದು ವರ್ಷಗಳ ವಿಳಂಬ

ಮೃತರು ತಮ್ಮ ಆಸ್ತಿಯನ್ನು ಅನಂತಕಾಲದವರೆಗೆ ಕಟ್ಟಿಹಾಕದಂತೆ ತಡೆಯುವುದೇ ಶಾಶ್ವತತೆಯ ವಿರುದ್ಧದ ನಿಯಮದ ಉದ್ದೇಶ. 1682ರ ನಾರ್ಫೋಕ್ ಡ್ಯೂಕ್ ಪ್ರಕರಣವನ್ನು ಇದರ ಮೂಲವೆಂದು ಪರಿಗಣಿಸಲಾಗುತ್ತದೆ. ಮುಂದೆ ಸ್ಥಿರಗೊಂಡ ರೂಪದಲ್ಲಿ, ಆಗ ಬದುಕಿರುವ ಯಾರಾದರೊಬ್ಬರ ಜೀವಿತಾವಧಿ ಮತ್ತು ಅದರ ಮೇಲೆ 21 ವರ್ಷಗಳ ಒಳಗೆ ಹಕ್ಕು ನಿಶ್ಚಿತವಾಗಿ ನೆಲೆಗೊಳ್ಳಬೇಕಿತ್ತು. ನಿಯಮವು ಕೇವಲ ಸಾಧ್ಯತೆಗಳನ್ನು ನೋಡುತ್ತಿದ್ದುದರಿಂದ, 80 ವರ್ಷದ ಮಹಿಳೆಗೂ ಮಗು ಹುಟ್ಟಬಹುದೆಂದು ಊಹಿಸಿ ಉಯಿಲಿನ ಅಂಶಗಳನ್ನು ಅಸಿಂಧುಗೊಳಿಸಬೇಕಾಗುತ್ತಿತ್ತು. 1964ರ ಕಾಯ್ದೆಯು 55 ವರ್ಷ ಮೀರಿದ ಮಹಿಳೆಗೆ ಮಗು ಹುಟ್ಟದೆಂಬ ಪೂರ್ವಕಲ್ಪನೆಯನ್ನೂ, ವಾಸ್ತವದಲ್ಲಿ ಏನಾಗುತ್ತದೆಂದು ಕಾದು ನೋಡುವ ತತ್ತ್ವವನ್ನೂ ತಂದಿತು. ಆದರೆ ಹಳೆಯ ನಿಯಮವನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಸೇರಿಸಿದ್ದರಿಂದ ಜಟಿಲತೆ ಉಳಿಯಿತು.

ಆದಾಯವನ್ನು ವಿತರಿಸದೆ ಕೂಡಿಡುವುದರ ಮೇಲಿನ ನಿರ್ಬಂಧಕ್ಕೆ ಪ್ರತ್ಯೇಕ ಇತಿಹಾಸವಿದೆ. 1797ರಲ್ಲಿ ನಿಧನನಾದ ಲಂಡನ್ನಿನ ವರ್ತಕ ಪೀಟರ್ ಥೆಲುಸನ್, ತನ್ನ ಮರಣಕಾಲದಲ್ಲಿ ಬದುಕಿದ್ದ ವಂಶಜರೆಲ್ಲ ತೀರಿಕೊಳ್ಳುವವರೆಗೆ ಸಂಪತ್ತಿನ ಆದಾಯವನ್ನು ಕೂಡಿಡಬೇಕೆಂದು ಉಯಿಲು ಬರೆದಿದ್ದನು. ನ್ಯಾಯಾಲಯಗಳು ಇದನ್ನು ಸಿಂಧುವೆಂದೇ ತೀರ್ಮಾನಿಸಿದವು. ಇಂತಹ ನಿಧಿಗಳು ಅತಿಯಾಗಿ ಬೆಳೆಯಬಹುದೆಂಬ ಆತಂಕದಿಂದ ಸಂಸತ್ತು 1800ರಲ್ಲೇ ನಿರ್ಬಂಧಕ ಕಾಯ್ದೆಯನ್ನು ಅಂಗೀಕರಿಸಿತು.

ಈ ಎರಡೂ ನಿಯಮಗಳನ್ನು ಸರಳಗೊಳಿಸುವಂತೆ ಕಾನೂನು ಆಯೋಗವು 1998ರಲ್ಲಿ ವರದಿ ನೀಡಿತು. ಒಂದು ಉಯಿಲಿನ ವಿಷಯದಲ್ಲಿ ಮೂರೇ ವರ್ಷಗಳಲ್ಲಿ ನಿರ್ಬಂಧ ತಂದಿದ್ದ ಸಂಸತ್ತಿಗೆ, ಅದನ್ನು ತೆಗೆಯುವ ಶಿಫಾರಸನ್ನು ಕಾಯ್ದೆಯಾಗಿಸಲು 11 ವರ್ಷಗಳು ಬೇಕಾದವು. ಶಾಶ್ವತತೆ ಮತ್ತು ಸಂಚಯನ ಕಾಯ್ದೆ, 2009 ಅಂಗೀಕಾರವಾಗಿ 2010ರ ಏಪ್ರಿಲ್ 6ರಂದು ಜಾರಿಗೆ ಬಂದಿತು. ಹೊಸ ಟ್ರಸ್ಟ್‌ಗಳಿಗೆ 125 ವರ್ಷಗಳ ಏಕೈಕ ಅವಧಿಯನ್ನು ಅದು ನಿಗದಿಪಡಿಸಿತು. ಸಂಚಯನದ ಮೇಲಿನ ನಿರ್ಬಂಧವನ್ನು ರದ್ದುಗೊಳಿಸಿ, ದತ್ತಿ ಟ್ರಸ್ಟ್‌ಗಳಿಗೆ ಮಾತ್ರ 21 ವರ್ಷಗಳ ಮಿತಿಯನ್ನು ಉಳಿಸಿತು.

ವಿಶೇಷ ಕಾರ್ಯವಿಧಾನ

ಸರ್ಕಾರದ ಮಸೂದೆಗಳ ನಡುವೆ ಸದನದ ಸಮಯಕ್ಕಾಗಿ ಸ್ಪರ್ಧೆಯಿರುತ್ತದೆ. ಮತದಾರರ ಗಮನ ಸೆಳೆಯದ ತಾಂತ್ರಿಕ ಮಸೂದೆಗಳು ಈ ಸ್ಪರ್ಧೆಯಲ್ಲಿ ಹಿಂದೆ ಬೀಳುತ್ತವೆ. ವಿವಾದವಿಲ್ಲದ ಕಾನೂನು ಆಯೋಗದ ಮಸೂದೆಗಳಿಗಾಗಿ ರೂಪಿಸಿದ ಹೊಸ ವಿಧಾನದ ಮೊದಲ ಪ್ರಯೋಗವೇ 2009ರ ಕಾಯ್ದೆ. ಅದರ ಹಂತಗಳು ಹೀಗಿವೆ:

• ಮಸೂದೆಯನ್ನು ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಮಂಡಿಸಲಾಗುತ್ತದೆ. ಎರಡನೆಯ ವಾಚನದ ಚರ್ಚೆಯು ಮುಖ್ಯ ಸಭಾಂಗಣದ ಹೊರಗೆ, ಸಮಿತಿಯಲ್ಲಿ ನಡೆಯುತ್ತದೆ.
• ವಿಶೇಷ ಸಾರ್ವಜನಿಕ ಮಸೂದೆ ಸಮಿತಿಯು ತಜ್ಞರಿಂದ ಲಿಖಿತ ಹಾಗೂ ಮೌಖಿಕ ಸಾಕ್ಷ್ಯ ಪಡೆದು, ಅನಂತರ ಕಲಮುಗಳನ್ನು ಒಂದೊಂದಾಗಿ ಪರಿಶೀಲಿಸುತ್ತದೆ.
• ವರದಿ ಹಂತ ಮತ್ತು ಮೂರನೆಯ ವಾಚನ ಸದನದಲ್ಲೇ ನಡೆಯುತ್ತವೆ.
• ಹೌಸ್ ಆಫ್ ಕಾಮನ್ಸ್‌ನಲ್ಲಿಯೂ ಎರಡನೆಯ ವಾಚನದ ಚರ್ಚೆಯನ್ನು ಸಮಿತಿಗೆ ವಹಿಸಲಾಗುತ್ತದೆ.

ಇದರಿಂದ ಸದನದ ಸಮಯ ಉಳಿಯುತ್ತದೆ. ಸಾಕ್ಷ್ಯ ಸಂಗ್ರಹದಿಂದಾಗಿ ಕರಡಿನ ದೋಷಗಳೂ ಪತ್ತೆಯಾಗುತ್ತವೆ. ಇದರ ಜೊತೆಗೆ 2009ರ ಕಾನೂನು ಆಯೋಗ ಕಾಯ್ದೆಯು, ಆಯೋಗದ ಶಿಫಾರಸುಗಳು ಎಷ್ಟರಮಟ್ಟಿಗೆ ಜಾರಿಯಾಗಿವೆ ಎಂಬುದರ ಬಗ್ಗೆ ಲಾರ್ಡ್ ಚಾನ್ಸಲರ್ ಪ್ರತಿ ವರ್ಷ ಸಂಸತ್ತಿಗೆ ವರದಿ ನೀಡುವಂತೆ ವಿಧಿಸಿತು.

2013 ಮತ್ತು 2014ರ ಕಾಯ್ದೆಗಳು

ಮೂಲಧನ ಮತ್ತು ಆದಾಯದ ವಿಂಗಡಣೆಗೆ ಸಂಬಂಧಿಸಿದ 2009ರ ವರದಿಯು ಇದೇ ವಿಧಾನದ ಮೂಲಕ 2013ರ ಜನವರಿ 31ರಂದು ಕಾಯ್ದೆಯಾಯಿತು. 1802ರ ಹೌ ವಿರುದ್ಧ ಡಾರ್ಟ್‌ಮತ್ ಪ್ರಕರಣ, 1867ರ ಆಲ್‌ಹೂಸನ್ ವಿರುದ್ಧ ವಿಟ್ಟೆಲ್ ಪ್ರಕರಣ ಮುಂತಾದವುಗಳಿಂದ ಬಂದ ಲೆಕ್ಕಾಚಾರದ ನಿಯಮಗಳು ಹೊಸ ಟ್ರಸ್ಟ್‌ಗಳಿಗೆ ಅನ್ವಯಿಸುವುದು ಇದರಿಂದ ನಿಂತಿತು. ಸಣ್ಣ ಮೊತ್ತಗಳಿಗೂ ಕ್ಲಿಷ್ಟ ಗಣನೆಯನ್ನು ಬೇಡುತ್ತಿದ್ದ ಈ ನಿಯಮಗಳನ್ನು ವಕೀಲರು ತಾವು ಬರೆಯುವ ಉಯಿಲುಗಳಲ್ಲಿ ಮೊದಲೇ ಹೊರಗಿಡುತ್ತಿದ್ದರು. ಶಾಶ್ವತ ನಿಧಿಯುಳ್ಳ ದತ್ತಿ ಸಂಸ್ಥೆಗಳು ಬಡ್ಡಿ, ಲಾಭಾಂಶ ಮತ್ತು ಮೌಲ್ಯವೃದ್ಧಿಯನ್ನು ಒಟ್ಟು ಪ್ರತಿಫಲವಾಗಿ ಪರಿಗಣಿಸಲು ಹಿಂದೆ ದತ್ತಿ ಆಯೋಗದ ಆದೇಶ ಪಡೆಯಬೇಕಿತ್ತು. ಈಗ ಆಯೋಗದ ನಿಯಮಾವಳಿಗೆ ಒಳಪಟ್ಟು ಅವು ತಾವೇ ನಿರ್ಣಯ ಕೈಗೊಳ್ಳಬಹುದು.

ಉತ್ತರಾಧಿಕಾರ ಮತ್ತು ಟ್ರಸ್ಟಿಗಳ ಅಧಿಕಾರಗಳ ಕಾಯ್ದೆ, 2014ರ ಪ್ರಕಾರ, ಫಲಾನುಭವಿಗೆ ಬರಬೇಕಾದ ಮೂಲಧನದ ಅರ್ಧದ ಬದಲು ಪೂರ್ಣ ಭಾಗವನ್ನು, ಶಿಕ್ಷಣದಂತಹ ಅಗತ್ಯಗಳಿಗಾಗಿ ಟ್ರಸ್ಟಿಗಳು ಅವಧಿಗೆ ಮೊದಲೇ ನೀಡಬಹುದು.

ಮಿತಿಗಳು

ಎಲ್ಲರೂ ಒಪ್ಪುವ ವಿಷಯಗಳನ್ನು ಮಾತ್ರ ಈ ವಿಧಾನವು ಮುಂದಕ್ಕೆ ಒಯ್ಯಬಲ್ಲದು. 2014ರ ಕಾಯ್ದೆಗೆ ಮೂಲವಾದ 2011ರ ವರದಿಯಲ್ಲಿ ಎರಡು ಕರಡು ಮಸೂದೆಗಳಿದ್ದವು. ವಿವಾಹವಾಗದೆ ಜೊತೆಯಾಗಿ ಬಾಳಿದವರಿಗೆ ಉಯಿಲಿಲ್ಲದ ಆಸ್ತಿಯಲ್ಲಿ ಹಕ್ಕು ನೀಡುವ ಎರಡನೆಯ ಮಸೂದೆಯನ್ನು ಸರ್ಕಾರ ಕೈಗೆತ್ತಿಕೊಳ್ಳಲಿಲ್ಲ. ಪ್ರತ್ಯೇಕ ಕಾನೂನು ವ್ಯವಸ್ಥೆಯುಳ್ಳ ಸ್ಕಾಟ್ಲೆಂಡ್‌ನಲ್ಲಿಯೂ ವಿಳಂಬ ಕಂಡುಬಂದಿದೆ: ಅಲ್ಲಿನ ಆಯೋಗದ 2014ರ ವರದಿಯನ್ನು ಆಧರಿಸಿ, 1921ರ ಕಾಯ್ದೆಯ ಸ್ಥಾನದಲ್ಲಿ ಹೊಸ ಕಾಯ್ದೆ ಬಂದದ್ದು 2024ರಲ್ಲಿ.

ಭಾರತದೊಂದಿಗೆ ಸಂಬಂಧ

ಇಂಗ್ಲಿಷ್ ತತ್ತ್ವಗಳನ್ನು ಬಹುಮಟ್ಟಿಗೆ ಸಂಹಿತೆಯಾಗಿಸಿದ ಇಂಡಿಯನ್ ಟ್ರಸ್ಟ್ಸ್ ಕಾಯ್ದೆ, 1882 ಇಂದಿಗೂ ಭಾರತದಲ್ಲಿ ಖಾಸಗಿ ಟ್ರಸ್ಟ್‌ಗಳಿಗೆ ಅನ್ವಯಿಸುತ್ತದೆ. ವಕ್ಫ್ ಹಾಗೂ ಧಾರ್ಮಿಕ ಮತ್ತು ದತ್ತಿ ನಿಧಿಗಳು ಅದರ ವ್ಯಾಪ್ತಿಯಲ್ಲಿಲ್ಲ. ಕರ್ನಾಟಕದ ಮುಜರಾಯಿ ದೇವಾಲಯಗಳಿಗೆ 1997ರ ಪ್ರತ್ಯೇಕ ರಾಜ್ಯ ಕಾಯ್ದೆಯಿದೆ. 1882ರ ಕಾಯ್ದೆಯ 20ನೆಯ ಕಲಮಿನಲ್ಲಿದ್ದ ಹೂಡಿಕೆಗಳ ಪಟ್ಟಿಯು ವಸಾಹತು ಕಾಲದ ಸಾಲಪತ್ರಗಳನ್ನೂ ಒಳಗೊಂಡಿತ್ತು. ಭಾರತದ ಸಂಸತ್ತು 2016ರ ತಿದ್ದುಪಡಿಯಿಂದ ಈ ಪಟ್ಟಿಯನ್ನು ತೆಗೆದು, ಟ್ರಸ್ಟ್ ಪತ್ರವು ಅನುಮತಿಸುವ ಅಥವಾ ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ ಸೂಚಿಸುವ ಹೂಡಿಕೆಗಳಿಗೆ ಅವಕಾಶ ನೀಡಿತು. ಇಂಗ್ಲೆಂಡಿನಂತೆ ಟ್ರಸ್ಟಿಗೆ ಸಾಮಾನ್ಯ ಅಧಿಕಾರವನ್ನು ಇಲ್ಲಿ ನೀಡಿಲ್ಲ. ಶಾಶ್ವತತೆಯ ವಿಷಯದಲ್ಲಿಯೂ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 14ನೆಯ ಕಲಮು ಬದುಕಿರುವವರ ಜೀವಿತಾವಧಿ ಮತ್ತು ಅನಂತರದ ಅಪ್ರಾಪ್ತ ವಯಸ್ಸಿನ ಅವಧಿಯನ್ನು ಆಧರಿಸಿದ ಹಳೆಯ ಮಾದರಿಯನ್ನೇ ಉಳಿಸಿಕೊಂಡಿದೆ.