ಎಕರೆ-ಗುಂಟೆಯ ಲೆಕ್ಕ ಮತ್ತು ಅಂಕಿ-ಅಂಶ ವಿಶ್ಲೇಷಣೆಯ ಮೊದಲ ಪಾಠ

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಹಳ್ಳಿಗಳಿಂದ ಬಂದು ಪದವಿ ಪಡೆದ ವಿದ್ಯಾರ್ಥಿಗಳು ಮೊದಲ ಉದ್ಯೋಗವನ್ನರಸಿ ಹೊರಟಾಗ, ಗಣಕಯಂತ್ರದ ಮೇಲೆ ಅಂಕಿ-ಅಂಶಗಳನ್ನು ವಿಶ್ಲೇಷಿಸಬಲ್ಲಿರಾ ಎಂಬ ಪ್ರಶ್ನೆಯನ್ನು ಇಂದು ಹಲವೆಡೆ ಎದುರಿಸಬೇಕಾಗಿದೆ. ಇತಿಹಾಸ, ಕನ್ನಡಗಳನ್ನು ಓದಿದ ತಮಗೆ ಇದು ಸಲ್ಲದ ವಿದ್ಯೆಯೆಂದು ಅವರಲ್ಲಿ ಅನೇಕರು ಹಿಂಜರಿಯುವರು. ಈ ವಿದ್ಯೆಯ ಮೊದಲ ಪಾಠವು ಅವರ ಮನೆಯ ಪೆಟ್ಟಿಗೆಯಲ್ಲಿರುವ ಪಹಣಿ ಪತ್ರಿಕೆಯಲ್ಲಿಯೇ, ಅಂದರೆ ನಮ್ಮ ಕಡೆಯ ಮಾತಿನ ಉತಾರದಲ್ಲಿಯೇ, ಅಡಗಿದೆಯೆಂದು ತೋರಿಸುವುದು ನಮ್ಮ ಉದ್ದೇಶ.

ಒಬ್ಬ ರೈತನಿಗೆ 2 ಎಕರೆ 20 ಗುಂಟೆ, 1 ಎಕರೆ 30 ಗುಂಟೆ, 3 ಎಕರೆ 15 ಗುಂಟೆಯ ಮೂರು ಹೊಲಗಳಿವೆಯೆಂದು ಭಾವಿಸೋಣ. ವಿದ್ಯಾರ್ಥಿಯು ಇವನ್ನು 2.20, 1.30, 3.15 ಎಂದು ಎಕ್ಸೆಲ್ ಹಾಳೆಯಲ್ಲಿ ಬರೆದರೆ ಯಂತ್ರವು 6.65 ಎಂದು ಕೂಡಿಸಿಕೊಡುತ್ತದೆ. ಯಾವ ಆಕ್ಷೇಪವನ್ನೂ ಎತ್ತುವುದಿಲ್ಲ. ಆದರೆ ಎಕರೆಗೆ 40 ಗುಂಟೆಯಾದುದರಿಂದ ನಿಜವಾದ ಮೊತ್ತ 7 ಎಕರೆ 25 ಗುಂಟೆ. 39 ಗುಂಟೆ ನೆಲ ಕಾಗದದ ಮೇಲೆಯೇ ಮಾಯವಾಯಿತು! ಚುಕ್ಕೆಯ ಬದಲು ಅಡ್ಡಗೆರೆ ಹಾಕಿ 2-20 ಎಂದು ಬರೆದರೆ ಯಂತ್ರವು ಅದನ್ನು ದಿನಾಂಕವೆಂದು ತಿಳಿಯುವ ಅಪಾಯವುಂಟು. ಎಕರೆಗೊಂದು, ಗುಂಟೆಗೊಂದು ಅಂಕಣವಿಟ್ಟು, ಎಲ್ಲವನ್ನೂ ಗುಂಟೆಗೆ ಇಳಿಸಿದ ಬಳಿಕವೇ ಕೂಡಿಸತಕ್ಕದ್ದು. ಓದು ಬಾರದ ನಮ್ಮ ಹಿರಿಯರೂ ಬಾಯಿಲೆಕ್ಕದಲ್ಲಿ ಈ ತಪ್ಪು ಮಾಡುತ್ತಿರಲಿಲ್ಲ.

ಮಾನದ ವಿಚಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗುಂಟೆಗೆ 16 ಆಣೆ ಎಂಬಲ್ಲಿ ಆಣೆಯು ವಿಸ್ತೀರ್ಣದ ಅಳತೆ. ಆದರೆ 19ನೆಯ ಶತಮಾನದ ಮುಂಬಯಿ ಇಲಾಖೆಯ ಭೂಮಾಪನದಲ್ಲಿ ಆಣೆಯೆಂಬುದು ಮಣ್ಣಿನ ಗುಣದ ಅಳತೆ. ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಇವರ 1847ರ ಜಂಟಿ ವರದಿಯಲ್ಲಿ ನಿರೂಪಿತವಾದ ಈ ಪದ್ಧತಿಯಲ್ಲಿ ಮಣ್ಣನ್ನು ಒಂಬತ್ತು ದರ್ಜೆಗಳಾಗಿ ವಿಂಗಡಿಸಿದರು. ಒಂದೂಮುಕ್ಕಾಲು ಮೊಳ ಆಳದ ಉತ್ತಮ ಎರೆನೆಲ 16 ಆಣೆಯದು; ಆಳ ಕಡಿಮೆಯಾದಂತೆ ಆಣೆಯೂ ಇಳಿಯುವುದು; ಸುಣ್ಣದ ಹರಳು, ಮರಳು, ಇಳಿಜಾರು ಮುಂತಾದ ದೋಷ ಕಂಡರೆ ಒಂದೊಂದಕ್ಕೂ ಒಂದು ದರ್ಜೆ ಕೆಳಗೆ. ಕಣ್ಣಿಗೆ ಕಂಡ ಗುಣವನ್ನು ಸಂಖ್ಯೆಯಾಗಿಸುವ ಈ ಕ್ರಮವನ್ನೇ ಇಂದಿನ ವಿಶ್ಲೇಷಕರೂ ಅನುಸರಿಸುವರು. ಆದರೆ ಗರಿಷ್ಠ ದರವನ್ನು ಹವೆ, ಮಾರುಕಟ್ಟೆ, ಬೇಸಾಯದ ಸ್ಥಿತಿಗಳನ್ನು ನೋಡಿ ಗ್ರಾಮಗಳ ಗುಂಪುಗುಂಪಿಗೆ ಬೇರೆಯಾಗಿ ನಿಗದಿಪಡಿಸುತ್ತಿದ್ದರು. ಆದಕಾರಣ ಒಂದು ಗುಂಪಿನ 12 ಆಣೆಯೂ ಇನ್ನೊಂದರ 12 ಆಣೆಯೂ ಸಮಾನ ಕಂದಾಯವನ್ನು ಸೂಚಿಸುವುದಿಲ್ಲ. ಅಂಕಿ ಒಂದೇ ಆದ ಮಾತ್ರಕ್ಕೆ ಅರ್ಥವೂ ಒಂದೇ ಎನ್ನಲಾಗದು.

ಜನಗಣತಿಯಲ್ಲಿಯೂ ಇಂಥದೇ ಎಡವು ಕಾದಿರುತ್ತದೆ. ಧಾರವಾಡ ಜಿಲ್ಲೆಯ ಜನಸಂಖ್ಯೆ 1991ರಲ್ಲಿ ಸುಮಾರು 35 ಲಕ್ಷ, 2001ರಲ್ಲಿ 16 ಲಕ್ಷ. ಹತ್ತು ವರ್ಷಗಳಲ್ಲಿ ಅರ್ಧದಷ್ಟು ಜನ ಎಲ್ಲಿಗೆ ಹೋದರು? ಎಲ್ಲಿಗೂ ಹೋಗಲಿಲ್ಲ, 1997ರಲ್ಲಿ ಗದಗ, ಹಾವೇರಿ ಜಿಲ್ಲೆಗಳು ಬೇರೆಯಾದವು. ಮೂರನ್ನೂ ಕೂಡಿಸಿದರೆ 2001ರ ಸಂಖ್ಯೆ ಸುಮಾರು 40 ಲಕ್ಷವಾಗುತ್ತದೆ. 2011ರ ಗಣತಿಯ ನವಲಗುಂದ ತಾಲೂಕಿನಲ್ಲಿ ಅಣ್ಣಿಗೇರಿಯೂ ಸೇರಿತ್ತು. ಮುಂದೆ ಅದು ಪ್ರತ್ಯೇಕ ತಾಲೂಕಾಯಿತು. ಗಡಿಯನ್ನು ವಿಚಾರಿಸದೆ ಹೋಲಿಸುವವನು ಮತ್ತೆ ಮೋಸಹೋಗುವನು. ದಾಖಲೆಯನ್ನು ಯಾರು, ಎಂದು, ಯಾವ ಎಲ್ಲೆಯೊಳಗೆ ಬರೆದರೆಂದು ಕೇಳುವುದನ್ನು ಇತಿಹಾಸದ ವಿದ್ಯಾರ್ಥಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಸರಾಸರಿಯನ್ನು ಕುರಿತು ಒಂದು ಮಾತು. ಐವರ ಹಿಡುವಳಿ 1, 2, 2, 3, 22 ಎಕರೆಯಾದರೆ ಸರಾಸರಿ 6; ಆದರೆ ಅಷ್ಟು ಭೂಮಿಯುಳ್ಳವನು ಆ ಐವರಲ್ಲಿ ಒಬ್ಬನೂ ಇಲ್ಲ. ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ, ಅಂದರೆ ಮಧ್ಯಾಂಕ, 2. ಎರಡನ್ನೂ ಹೇಳುವುದು ಲೇಸು.

ಇದರಿಂದ ಯಂತ್ರದ ಅಭ್ಯಾಸ ಅನಾವಶ್ಯಕವೆಂದು ಭಾವಿಸಬಾರದು. ವಿಂಗಡಣೆ, ಸೋಸುವಿಕೆ, ಸೂತ್ರ, ಸಾರಾಂಶ ಕೋಷ್ಟಕ, ನಕ್ಷೆ ಇವು ಕೈಗೆ ಒಗ್ಗಲೇಬೇಕು, ಅದೂ ದಿನನಿತ್ಯದ ರೂಢಿಯಿಂದ. ನಮ್ಮ ಸೂಚನೆ ಇಷ್ಟೆ: ಎಲ್ಲಿಂದಲೋ ತಂದ ಅಪರಿಚಿತ ಕೋಷ್ಟಕದ ಬದಲು, ಮನೆಯವರ ಹಾಗೂ ಒಪ್ಪಿದ ನೆರೆಯವರ ಹತ್ತು ಉತಾರಗಳನ್ನು ವಿದ್ಯಾರ್ಥಿಯು ಹೆಸರು ಬಿಟ್ಟು ಹಾಳೆಗೆ ಇಳಿಸಲಿ, ಸರ್ವೆ ನಂಬರು, ಎಕರೆ, ಗುಂಟೆ, ಬೆಳೆ, ಉತಾರ ಪಡೆದ ದಿನಾಂಕಗಳಿಗೆ ಬೇರೆ ಬೇರೆ ಅಂಕಣಗಳಿರಲಿ, ತಿದ್ದಿದ ಪ್ರತಿಯೊಂದು ತಪ್ಪನ್ನೂ ಕೆಳಗೆ ಬರೆದಿಡಲಿ. ಸಂದರ್ಶನಕ್ಕೆ ಹೋಗುವಾಗ ಆ ಹಾಳೆ ಕೈಯಲ್ಲಿರಲಿ.