ವಾಣಿಜ್ಯ ಕಟ್ಟಡಗಳ ಶಿಥಿಲತೆ: ಆರಂಭಿಕ ಲಕ್ಷಣಗಳು

2013ರ ಜುಲೈ 8ರ ಮುಂಜಾನೆ, ಹೈದರಾಬಾದಿನ ಅವಳಿ ನಗರವಾದ ಸಿಕಂದರಾಬಾದಿನಲ್ಲಿ ಸಿಟಿ ಲೈಟ್ ಹೋಟೆಲಿನ ಹಳೆಯ ಕಟ್ಟಡವು ಕುಸಿದು ಹತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ಕಟ್ಟಡಗಳು ಸಾಮಾನ್ಯವಾಗಿ ಮುನ್ಸೂಚನೆ ನೀಡದೆ ಕುಸಿಯುವುದಿಲ್ಲ. ಆದರೆ ಅಂಗಡಿ, ಹೋಟೆಲುಗಳಲ್ಲಿ ನಾಮಫಲಕ, ಕೃತಕ ಚಾವಣಿ ಹಾಗೂ ಹೊಸ ಬಣ್ಣಗಳು ಆ ಸೂಚನೆಯನ್ನು ಮರೆಮಾಡುತ್ತವೆ. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಮಾಲೀಕರೂ ಬಾಡಿಗೆದಾರರೂ ಇವುಗಳ ಹಿಂಬದಿಯನ್ನು ಪರಿಶೀಲಿಸತಕ್ಕದ್ದು.

ಕಾಂಕ್ರೀಟಿನೊಳಗೆ ತೇವ ಸೇರಿದರೆ ಸರಳುಗಳು ತುಕ್ಕು ಹಿಡಿಯುತ್ತವೆ. ತುಕ್ಕು ಮೂಲ ಕಬ್ಬಿಣದ ಎರಡು ಪಟ್ಟಿಗೂ ಅಧಿಕ ಸ್ಥಳವನ್ನು ಆಕ್ರಮಿಸುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಸರಳಿನ ಉದ್ದಕ್ಕೂ ಮೂಡುವ ಬಿರುಕು, ಕಂದು ಕಲೆ, ತಟ್ಟಿದಾಗ ಕೇಳಿಬರುವ ಪೊಳ್ಳು ದನಿ ಇದರ ಮೊದಲ ಲಕ್ಷಣಗಳು. ಸಲೀಸಾಗಿ ಇಳಿಯುತ್ತಿದ್ದ ಅಂಗಡಿಯ ಷಟರು ಸಿಕ್ಕಿಕೊಳ್ಳತೊಡಗಿದರೆ ಎಣ್ಣೆ ಹಾಕಿ ಸುಮ್ಮನಾಗಬಾರದು. ಮೇಲಿನ ತೊಲೆಯೇ ಬಾಗಿರಬಹುದು.

ಗೋಡೆಯ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಗಾರೆಯಿಂದ ಭದ್ರಪಡಿಸಿ, ದಿನಾಂಕ ಬರೆದಿಡುವುದು ಹಳೆಯ ವಿಧಾನ, ಖರ್ಚೂ ಅಲ್ಪ. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆಯೆಂದು ತಿಳಿಯಬೇಕು. ಆಗ ಮೇಲೆ ಗಿಲಾವು ಬಳಿಸದೆ, ಆ ಭಾಗದಲ್ಲಿ ಜನಸಂಚಾರವನ್ನು ನಿಲ್ಲಿಸಿ, ಕಟ್ಟಡಗಳ ಭದ್ರತೆಯನ್ನು ಬಲ್ಲ ಎಂಜಿನಿಯರರನ್ನು ಕೂಡಲೇ ಕರೆಸತಕ್ಕದ್ದು.