ಟ್ರಂಕಿನ ತಳ ಸೇರಿದ ನೀಲಿ ಅಂಗಿ

ಆತಗೂರು ಹೋಬಳಿಯ ಹಳ್ಳಿಗಳಲ್ಲಿ ಆಟವೆಂದರೆ ಮೊದಲು ನೆನಪಾಗುವುದು ಕಬಡ್ಡಿ ಮತ್ತು ವಾಲಿಬಾಲ್, ಆಮೇಲೆ ಕ್ರಿಕೆಟ್. ಫುಟ್‌ಬಾಲ್ ಏನಿದ್ದರೂ ಬೆಂಗಳೂರಿನ ಆಟ. ಆದರೂ ಟೀವಿ ಮತ್ತು ಮೊಬೈಲ್ ಫೋನುಗಳ ದಯೆಯಿಂದ ಆ ಆಟದ ಹುಚ್ಚು ಮದ್ದೂರು, ಮಳವಳ್ಳಿಗಳ ಕಡೆಗೂ ಅಷ್ಟಿಷ್ಟು ಹರಿದು ಬಂದಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನ ಜೊತೆ ಒಮ್ಮೆ ಕಂಠೀರವ ಕ್ರೀಡಾಂಗಣಕ್ಕೆ ಹೋಗಿ, ಬೆಂಗಳೂರು ಎಫ್‌ಸಿ ತಂಡದ ನೀಲಿ ಅಂಗಿ ಕೊಂಡು ತಂದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಮೊದಲ ವರ್ಷ ಒಗೆದ ಅಂಗಿ ಒಣಗುವ ಮುನ್ನವೇ ಅವನ ಮೈಮೇಲೆ. ಮುಂದಿನ ವರ್ಷ ತಂಡ ಸೋಲತೊಡಗಿತು. ಅಂಗಿ ಟ್ರಂಕಿನ ತಳ ಸೇರಿತು. "ಯಾಕ್ಲಾ ಮಗ, ಆ ಅಂಗಿ ಹಾಕ್ಕಳಲ್ವಾ?" ಎಂದು ತಾಯಿ ಕೇಳಿದರೆ, "ಬುಡವ್ವ, ಅವ್ರು ಆಡಿದ್ದೂ ಸಾಕು, ನಾನ್ ನೋಡಿದ್ದೂ ಸಾಕು" ಎಂಬ ಉತ್ತರ.

ದೊಡ್ಡವರಿಗೆ ಇದು ನಗುವ ವಿಷಯ. ಯಾರೋ ಹನ್ನೊಂದು ಜನ ಎಲ್ಲೋ ಸೋತರೆ ಇವನಿಗೇನು ನಷ್ಟ? ಆದರೆ ಅನೇಕ ಮಕ್ಕಳ ಬದುಕಿನಲ್ಲಿ ತಾವು ನಂಬಿದ್ದು ಕೈಕೊಡುವ ಮೊದಲ ಅನುಭವ ಬರುವುದು ಇಂಥ ಕಡೆಯಿಂದಲೇ. ಆದ್ದರಿಂದ ಇದನ್ನು ಸ್ವಲ್ಪ ವಿಚಾರಿಸಿ ನೋಡುವುದು ಒಳ್ಳೆಯದು.

ಏರಿದ ಕಾಲ

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ಪ್ರತಿಷ್ಠಿತ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿ ಜಗತ್ತನ್ನು ಬೆರಗುಗೊಳಿಸಿದ ಭಾರತ ತಂಡದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್, ಅಹ್ಮದ್ ಖಾನ್ ಇದ್ದರು. ರಾಜ್ಯ ತಂಡ ಮೈಸೂರಿನ ಹೆಸರಿನಲ್ಲಿ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತು. ಮುಂದೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳು ಆಟವನ್ನು ಉಳಿಸಿಕೊಂಡು ಬಂದವು. ಎಚ್‌ಎಎಲ್ ತಂಡವೂ 2012ರಲ್ಲಿ ಐ-ಲೀಗ್‌ನಿಂದ ಕೆಳಕ್ಕಿಳಿದಾಗ ಅಗ್ರ ಶ್ರೇಣಿಯಲ್ಲಿ ಬೆಂಗಳೂರಿನ ಹೆಸರೇ ಇಲ್ಲದಂತಾಯಿತು.

ಈ ಶೂನ್ಯದಲ್ಲಿ 2013ರ ಜುಲೈನಲ್ಲಿ ಹುಟ್ಟಿದ್ದು ಬೆಂಗಳೂರು ಎಫ್‌ಸಿ. ಹುಟ್ಟಿದ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ತಂಡ ಅದು. 2015–16ರಲ್ಲಿ ಮತ್ತೆ ಗೆದ್ದಿತು. 2016ರ ನವೆಂಬರ್ 5ರಂದು ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿ, ಇರಾಕಿನ ವಾಯುಪಡೆ ತಂಡಕ್ಕೆ 1–0ರಿಂದ ಮಣಿಯಿತು. ಆ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬುದೇ ಹೆಗ್ಗಳಿಕೆಯಾಯಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ ಬಂದು, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ತಂಡವನ್ನು 1–0ರಿಂದ ಸೋಲಿಸಿ ಆ ಕಿರೀಟವನ್ನೂ ಧರಿಸಿತು. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ಸೇರುವ 'ವೆಸ್ಟ್ ಬ್ಲಾಕ್ ಬ್ಲೂಸ್' ಬಳಗದ ಹಾಡು, ಡೋಲುಗಳಿಗೆ ದೇಶದಲ್ಲೇ ಹೆಸರು ಬಂತು. ಆರು ವರ್ಷದಲ್ಲಿ ಒಬ್ಬ ಅಭಿಮಾನಿಗೆ ಇನ್ನೇನು ಬೇಕು?

ಇಳಿದ ಕಾಲ

ಇಲ್ಲಿಂದ ಮುಂದೆ ಕಥೆ ಬೇರೆ. 2020–21ರಲ್ಲಿ ತಂಡ ಏಳನೆಯ ಸ್ಥಾನಕ್ಕೆ ಕುಸಿಯಿತು. ಮರುವರ್ಷ ಆರನೆಯ ಸ್ಥಾನ. ಕೋವಿಡ್ ಕಾರಣ ಪಂದ್ಯಗಳೆಲ್ಲ ಗೋವಾದ ಖಾಲಿ ಮೈದಾನಗಳಲ್ಲಿ. ತಂಡ ಬೀಳುವಾಗ ಕೈ ಕೊಡಲು ಅಭಿಮಾನಿಗಳೇ ಅಲ್ಲಿರಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ಡುರಾಂಡ್ ಕಪ್ ಗೆದ್ದಾಗ ಮತ್ತೆ ಆಸೆ ಚಿಗುರಿತು. ಆ ಋತುವಿನ ಮೊದಲಾರ್ಧದಲ್ಲಿ ತತ್ತರಿಸಿದ ತಂಡ, ಲೀಗಿನ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದು ಫೈನಲ್ ತಲುಪಿತು. 2023ರ ಮಾರ್ಚ್ 18ರಂದು ಪೆನಾಲ್ಟಿ ಒದೆತಗಳಲ್ಲಿ ಸೋತಿತು. ಮುಂದಿನ ತಿಂಗಳು ಸೂಪರ್ ಕಪ್ ಫೈನಲ್‌ನಲ್ಲೂ ಸೋಲು. 2023–24ರಲ್ಲಂತೂ ಹನ್ನೆರಡು ತಂಡಗಳ ಪೈಕಿ ಹತ್ತನೆಯ ಸ್ಥಾನ! ಋತುವಿನ ನಡುವೆಯೇ ತರಬೇತುದಾರರ ಬದಲಾವಣೆ. 2024–25ರಲ್ಲಿ ಮತ್ತೆ ಎದ್ದು ನಿಂತು, ಕೋಲ್ಕತ್ತದ ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಮೊದಲು ಗೋಲಿನ ಮುನ್ನಡೆ ಪಡೆದೂ ಹೆಚ್ಚುವರಿ ಸಮಯದಲ್ಲಿ 2–1ರಿಂದ ಸೋಲು.

ಇಷ್ಟರ ಮೇಲೆ 2025ರ ಜುಲೈನಲ್ಲಿ ಲೀಗೇ ಅನಿಶ್ಚಿತವಾಯಿತು. ಫುಟ್‌ಬಾಲ್ ಒಕ್ಕೂಟ ಮತ್ತು ವಾಣಿಜ್ಯ ಪಾಲುದಾರರ ಒಪ್ಪಂದ ನವೀಕರಣವಾಗದೆ ಪಂದ್ಯಾವಳಿ ನಿಂತಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿದಿರುವುದಾಗಿ ಪ್ರಕಟಿಸಿತು. ಫೆಬ್ರವರಿ 14ರಿಂದ ಮೊಟಕುಗೊಳಿಸಿದ ಲೀಗ್ ನಡೆಯುವುದೆಂಬ ಘೋಷಣೆ ಹೊರಬಿದ್ದದ್ದು 2026ರ ಜನವರಿಯಲ್ಲಿ. ಸೋಲನ್ನಾದರೂ ಸಹಿಸಬಹುದು, ಆಟವೇ ಇಲ್ಲವೆಂದರೆ ಅಭಿಮಾನಿ ಯಾರ ಮೇಲೆ ಸಿಟ್ಟಾಗಬೇಕು?

'ನಾವು' ಗೆದ್ದೆವು, 'ಅವರು' ಸೋತರು

ಮತ್ತೆ ನಮ್ಮ ಟ್ರಂಕಿನ ಅಂಗಿಗೆ ಬರೋಣ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನ ಏಳು ವಿಶ್ವವಿದ್ಯಾಲಯಗಳಲ್ಲಿ, ಶನಿವಾರದ ಪಂದ್ಯದ ನಂತರದ ಸೋಮವಾರ ವಿದ್ಯಾರ್ಥಿಗಳು ಏನು ತೊಟ್ಟು ಬರುತ್ತಾರೆಂದು ಅವರು ಗಮನಿಸಿದ್ದರು. ತಂಡ ಗೆದ್ದ ಸೋಮವಾರ ವಿಶ್ವವಿದ್ಯಾಲಯದ ಹೆಸರಿರುವ ಅಂಗಿಗಳು ಹೆಚ್ಚು, ಗೆಲ್ಲದಿದ್ದಾಗ ಕಡಿಮೆ. ಫೋನಿನಲ್ಲಿ ವಿಚಾರಿಸಿದಾಗ ಗೆದ್ದ ಪಂದ್ಯಕ್ಕೆ 'ನಾವು' ಎನ್ನುವ ಒಲವು ಹೆಚ್ಚು ಕಂಡಿತು. ಸೋತ ಪಂದ್ಯದ ಮಾತು ಬಂದಾಗ ಆ 'ನಾವು' ವಿರಳವಾಯಿತು. ಬೇರೆಯವರ ಬೆಳಕಿನಲ್ಲಿ ಮೈ ಕಾಯಿಸಿಕೊಳ್ಳುವ ಈ ಗುಣ ಎಲ್ಲ ದೇಶದ ಮನುಷ್ಯರಲ್ಲೂ ಇದೆ. ಚಂದ್ರನಿಗೂ ಸ್ವಂತ ಬೆಳಕಿಲ್ಲವಷ್ಟೆ!

ಇದು ಬರೀ ಮಾತಿನ ವಿಷಯವೂ ಅಲ್ಲ. 1994ರ ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲ್ ಇಟಲಿಯನ್ನು ಮಣಿಸಿದಾಗ, ಟೀವಿಯಲ್ಲಿ ಪಂದ್ಯ ನೋಡಿದ ಅಭಿಮಾನಿಗಳ ಜೊಲ್ಲನ್ನು ಸಂಶೋಧಕರು ಪರೀಕ್ಷಿಸಿದ್ದರು. ಬ್ರೆಜಿಲ್ ಕಡೆಯವರಲ್ಲಿ ಟೆಸ್ಟೋಸ್ಟಿರಾನ್ ಹಾರ್ಮೋನು ಏರಿತ್ತು. ಇಟಲಿ ಕಡೆಯವರಲ್ಲಿ ಇಳಿದಿತ್ತು. ಚೆಂಡು ಮುಟ್ಟದವನ ದೇಹವೂ ಸೋಲನ್ನು ಅನುಭವಿಸುತ್ತದೆ. ಆದ್ದರಿಂದ ಸೋತ ರಾತ್ರಿ ಊಟ ಬೇಡವೆನ್ನುವ ಹುಡುಗ ನಾಟಕವಾಡುತ್ತಿದ್ದಾನೆಂದು ತಿಳಿಯಬೇಕಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಫುಟ್‌ಬಾಲಿನಲ್ಲಿ ಗೋಲು ಅಪರೂಪ. 2022ರ ವಿಶ್ವಕಪ್‌ನ 64 ಪಂದ್ಯಗಳಲ್ಲಿ ಬಂದದ್ದು 172 ಗೋಲು. ಪಂದ್ಯಕ್ಕೆ ಸುಮಾರು 2.7. ಕಬಡ್ಡಿಯಲ್ಲಾದರೆ ಕಳೆದುಕೊಂಡ ಅಂಕವನ್ನು ಮುಂದಿನ ರೈಡಿನಲ್ಲೇ ತರಬಹುದು. ಫುಟ್‌ಬಾಲಿನಲ್ಲಿ ಯಾರದೋ ಮೊಣಕಾಲಿಗೆ ತಾಗಿ ತಿರುಗಿದ ಒಂದು ಚೆಂಡು ಇಡೀ ಪಂದ್ಯವನ್ನು ತೀರ್ಮಾನಿಸುತ್ತದೆ. ನಾಣ್ಯವನ್ನು ಐದು ಬಾರಿ ಚಿಮ್ಮಿದರೆ ಐದೂ ಸಲ ಒಂದೇ ಮುಖ ಬೀಳುವ ಸಂಭವ 16ರಲ್ಲಿ ಒಂದು. ಐದು ಸಲ ಸೋತ ಕೂಡಲೇ ಆಟಗಾರರೆಲ್ಲ ನಾಲಾಯಕ್ಕು ಎಂದು ತೀರ್ಪು ಕೊಡುವ ಮೊದಲು ಈ ಲೆಕ್ಕವನ್ನು ನೆನೆಯಬೇಕು. ಹಾಗೆಂದು ಹನ್ನೆರಡರಲ್ಲಿ ಹತ್ತನೆಯವರಾಗುವುದನ್ನು ಇಡಿಯಾಗಿ ಅದೃಷ್ಟದ ತಲೆಗೆ ಕಟ್ಟುವಂತೆಯೂ ಇಲ್ಲ. 22 ಪಂದ್ಯಗಳು ಮುಗಿಯುವ ಹೊತ್ತಿಗೆ ಕುಶಲತೆ, ಸಿದ್ಧತೆ, ಆಡಳಿತ ಎಲ್ಲದರ ತೂಕವೂ ಗೊತ್ತಾಗುತ್ತದೆ.

ಸಿಟ್ಟಿಗೂ ಒಂದು ದಾರಿ

ಬೇಸರಗೊಂಡ ಅಭಿಮಾನಿಯ ಮುಂದೆ ಮೂರು ದಾರಿಗಳಿವೆ. ಒಂದು, ಆಟಗಾರರನ್ನು, ಅವರ ಮನೆಯವರನ್ನು ಫೋನಿನ ಪರದೆಯ ಹಿಂದೆ ಅಡಗಿ ಬೈಯುವುದು. ಇದು ಸುಲಭ, ಆದರೆ ಹೇಡಿತನ. ಎರಡು, ಎದ್ದು ಹೋಗುವುದು. ಮೂರು, ಇದ್ದು ಪ್ರಶ್ನೆ ಕೇಳುವುದು.

ಮೂರನೆಯ ದಾರಿಗೆ ಇಂಗ್ಲೆಂಡಿನಲ್ಲಿ ಒಳ್ಳೆಯ ಉದಾಹರಣೆಗಳಿವೆ. ವಿಂಬಲ್ಡನ್ ಕ್ಲಬ್ಬನ್ನು ದೂರದ ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಒಯ್ಯಲು ಒಪ್ಪಿಗೆ ಸಿಕ್ಕಾಗ, ಅದರ ಅಭಿಮಾನಿಗಳು 2002ರಲ್ಲಿ ತಾವೇ ಎಎಫ್‌ಸಿ ವಿಂಬಲ್ಡನ್ ಎಂಬ ಕ್ಲಬ್ ಕಟ್ಟಿದರು. ಕೆಳಗಿನ ಲೀಗುಗಳಿಂದ ಮೆಟ್ಟಿಲು ಮೆಟ್ಟಿಲು ಹತ್ತಿ 2011ರಲ್ಲಿ ಅದು ವೃತ್ತಿಪರ ಲೀಗ್ ಸೇರಿತು. ಒಂಬತ್ತು ವರ್ಷದ ತಪಸ್ಸು! 2021ರ ಏಪ್ರಿಲ್‌ನಲ್ಲಿ ಯುರೋಪಿನ ಹನ್ನೆರಡು ಶ್ರೀಮಂತ ಕ್ಲಬ್ಬುಗಳು ತಮ್ಮದೇ ಸೂಪರ್ ಲೀಗ್ ಘೋಷಿಸಿದಾಗ ಅಭಿಮಾನಿಗಳು ಬೀದಿಗಿಳಿದರು. ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಎರಡೇ ದಿನದಲ್ಲಿ ಹಿಂದೆ ಸರಿದವು. ಟಿಕೆಟ್ ಕೊಳ್ಳುವವನಿಗೂ ದನಿಯಿದೆ ಎಂಬ ಪಾಠವನ್ನು ನಮ್ಮ ಅಭಿಮಾನಿಗಳೂ ಕಲಿಯಬೇಕಾಗಿದೆ.

ಹೆತ್ತವರು ಏನು ಮಾಡಬೇಕು?

ಅಭಿಮಾನಕ್ಕೆ ಮಿತಿ ಬೇಕೆಂಬುದನ್ನು ಕರ್ನಾಟಕ ಅತ್ಯಂತ ದುಬಾರಿ ಬೆಲೆ ತೆತ್ತು ಕಲಿತಿದೆ. ಬೆಂಗಳೂರಿನ ಕ್ರಿಕೆಟ್ ತಂಡ ಆರ್‌ಸಿಬಿ 2009, 2011, 2016ರ ಫೈನಲ್‌ಗಳಲ್ಲಿ ಸೋತು, ಕೊನೆಗೆ 18ನೆಯ ಐಪಿಎಲ್‌ನಲ್ಲಿ, 2025ರ ಜೂನ್ 3ರಂದು ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ನಡೆದ ಕಾಲ್ತುಳಿತದಲ್ಲಿ 11 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು. ಅಷ್ಟು ಜನ ಸೇರುವರೆಂದು ಗೊತ್ತಿದ್ದೂ ತಕ್ಕ ವ್ಯವಸ್ಥೆ ಮಾಡದ್ದು ದೊಡ್ಡವರ ತಪ್ಪು. ಮಕ್ಕಳ ಪ್ರೀತಿಯನ್ನು ಅದಕ್ಕಾಗಿ ದೂರುವುದು ನ್ಯಾಯವಲ್ಲ. ಆದರೆ ನೂಕುನುಗ್ಗಲು ಕಂಡಲ್ಲಿ ಹಿಂದಕ್ಕೆ ಬರುವುದನ್ನು ಮನೆಯಲ್ಲೇ ಹೇಳಿಕೊಡಬೇಕು. ರಾತ್ರಿ ಪಂದ್ಯಕ್ಕೆ ಹೋಗುವ ಮಗ ಯಾರ ಜೊತೆ ಹೋಗುತ್ತಾನೆ, ಹೇಗೆ ವಾಪಸು ಬರುತ್ತಾನೆ ಎಂದು ಕೇಳುವುದು ಅನುಮಾನವಲ್ಲ, ಕಾಳಜಿ.

ಹಾಗೆಯೇ ಸೋತ ದಿನ ಹಂಗಿಸಬೇಡಿ. "ಪರೀಕ್ಷೆಯಲ್ಲಿ ಹೀಗೆ ಅತ್ತಿದ್ದೀಯಾ?" ಎಂಬ ಚುಚ್ಚುಮಾತಿನಿಂದ ಓದಿನ ಪ್ರೀತಿ ಹುಟ್ಟುವುದಿಲ್ಲ. ಮರುದಿನ ತಣ್ಣಗಾದ ಮೇಲೆ "ಯಾಕೆ ಸೋತರಪ್ಪ?" ಎಂದು ಕೇಳಿ ನೋಡಿ. ಹಿಂಬದಿ ಆಟಗಾರರ ಎಡವಟ್ಟು, ತರಬೇತುದಾರರ ಲೆಕ್ಕಾಚಾರ ಎಲ್ಲವನ್ನೂ ಅವನು ಬಿಡಿಸಿ ಹೇಳುತ್ತಾನೆ. ಕಾರಣ ಹುಡುಕುವುದು ಅಲ್ಲಿಂದಲೇ ಶುರು. ವಿಜ್ಞಾನವೂ ಅದೇ ಅಲ್ಲವೇ?

ನೋಡುವುದಕ್ಕಿಂತ ಆಡುವುದು ಇನ್ನೂ ಮೇಲು. 410ರಿಂದ 450 ಗ್ರಾಂ ತೂಗುವ ಒಂದು ಚೆಂಡು, ಕೊಯ್ಲಾದ ಒಂದು ಬಯಲು ಇದ್ದರೆ ಹಳ್ಳಿಯ ಶಾಲೆಯಲ್ಲೂ ಫುಟ್‌ಬಾಲ್ ಸಾಧ್ಯ. ಒಮ್ಮೆ ಬಿಸಿಲಲ್ಲಿ ಓಡಿ, ಗೋಲಿನ ಮುಂದೆ ಚೆಂಡನ್ನು ಆಕಾಶಕ್ಕೆ ಒದ್ದವನು ಮತ್ತೆಂದೂ ಆಟಗಾರನನ್ನು ಹಗುರವಾಗಿ ಬೈಯಲಾರ.

ಭ್ರಮನಿರಸನ ಎಂಬ ಪದವನ್ನು ನಾವು ದುಃಖದಿಂದ ಬಳಸುತ್ತೇವೆ. ಅದರ ಅರ್ಥ ಭ್ರಮೆ ಕಳಚುವುದು ಎಂದಷ್ಟೇ. ನಮ್ಮ ತಂಡ ಯಾವಾಗಲೂ ಗೆಲ್ಲುತ್ತದೆ ಎಂಬುದು ಭ್ರಮೆ. ಅದು ಹೋದರೆ ಹೋಗಲಿ. ಹೋದ ಮೇಲೆಯೂ ಉಳಿಯುವುದೇನಾದರೂ ಇದ್ದರೆ ಅದು ಪ್ರೀತಿ. 1969ರ ನಂತರ ಸಂತೋಷ್ ಟ್ರೋಫಿಗಾಗಿ ಕಾದ ಕರ್ನಾಟಕಕ್ಕೆ ಅದು ಮತ್ತೆ ದಕ್ಕಿದ್ದು 2023ರ ಮಾರ್ಚ್ 4ರಂದು, ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ. ನಡುವೆ ಕಳೆದದ್ದು 54 ವರ್ಷ! ಅಷ್ಟು ಕಾಲ ಯಾರೋ ಆಡುತ್ತಲೇ ಇದ್ದರು, ಯಾರೋ ನೋಡುತ್ತಲೇ ಇದ್ದರು.

ನಾಲೆಯ ಕೊನೆ ಭಾಗದಲ್ಲಿ ಗದ್ದೆ ಮಾಡುವ ಮದ್ದೂರು, ಮಳವಳ್ಳಿಗಳ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಬರುವುದು ತಡವಾದರೆ ಅವರು ಅಧಿಕಾರಿಗಳನ್ನು ಕೇಳುತ್ತಾರೆ, ರಸ್ತೆಗೂ ಇಳಿಯುತ್ತಾರೆ. ಆದರೆ ಗದ್ದೆಯನ್ನು ಬಿಟ್ಟು ಹೋಗುವುದಿಲ್ಲ. ಟ್ರಂಕಿನಲ್ಲಿರುವ ನೀಲಿ ಅಂಗಿಯನ್ನೂ ಒಮ್ಮೆ ಹೊರಗೆ ತೆಗೆದು ಬಿಸಿಲಿಗೆ ಹರವಬಹುದು.